7075 ರಿಬ್ ಕ್ಲಾಂಪ್ ಬಿಚ್ಚಿದ ತಕ್ಷಣ ಬಾಗುತ್ತಿದೆ, ದಯವಿಟ್ಟು ಸಹಾಯ ಮಾಡಿ

ಪೀಣ್ಯ ಸೆಕೆಂಡ್ ಸ್ಟೇಜ್
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ. ವಿಮಾನದ ರಿಬ್ (ಒಳಚೌಕಟ್ಟಿನ ಅಡ್ಡಪಟ್ಟಿ) ಒಂದನ್ನು 7075 ಅಲ್ಯೂಮಿನಿಯಂ ಪ್ಲೇಟಿನಿಂದ ಮಿಲ್ಲಿಂಗ್ ಮಾಡುತ್ತಿದ್ದೇವೆ. ಉದ್ದ 640 ಮಿಮೀ, ಎತ್ತರ 28, ವೆಬ್ (ಪಾಕೆಟ್ ತಳದ ತೆಳು ಭಾಗ) ದಪ್ಪ 1.6. ನಾಲ್ಕು ಪಾಕೆಟ್ (ತೋಡಿದ ಗುಂಡಿ), ಎಲ್ಲವೂ ಒಂದೇ ಕಡೆ. ಮಷಿನ್ ಮೇಲೆ ಇರುವಾಗ ಪ್ರೋಬ್ ಮಾಡಿದರೆ ಎಲ್ಲ ಅಳತೆಯೂ ಸರಿ ಇದೆ. ಕ್ಲಾಂಪ್ ಬಿಚ್ಚಿ ಸರ್ಫೇಸ್ ಪ್ಲೇಟ್ ಮೇಲಿಟ್ಟರೆ ಬಿಲ್ಲಿನ ಥರ ಬಾಗಿರುತ್ತೆ. 2.2 ಮಿಮೀ ಗ್ಯಾಪ್! ಡ್ರಾಯಿಂಗ್‌ನಲ್ಲಿ ಫ್ಲ್ಯಾಟ್‌ನೆಸ್ 0.3. ಒತ್ತಿ ನೇರ ಮಾಡುವುದಕ್ಕೆ ಕಸ್ಟಮರ್ ಒಪ್ಪುವುದಿಲ್ಲ. ಹೊಸ ಕಟರ್ ಹಾಕಿದೆ, ಫೀಡ್ ಇಳಿಸಿದೆ, ಕ್ಲಾಂಪ್ ಸಡಿಲ ಮಾಡಿದೆ. ಏನೂ ಬದಲಾಗಿಲ್ಲ. ಯಾರಾದರೂ ದಾರಿ ತೋರಿಸಿ.

ಕಟರ್ ಕಾರ್ನರ್
ಯಾವ ಕಟರ್? ಎಷ್ಟು ಫ್ಲೂಟ್? ಕೋಟಿಂಗ್ ಇದೆಯಾ? ಅಲ್ಯೂಮಿನಿಯಂಗೆ ಪಾಲಿಶ್ ಮಾಡಿದ, ಚೂಪಾದ ಕಾರ್ಬೈಡ್ ಬೇಕು. ಸ್ಟೀಲ್‌ಗೆ ಬಳಸುವ ಕಟರ್ ಹಾಕಿದರೆ ಅದು ಕತ್ತರಿಸುವುದಿಲ್ಲ, ಉಜ್ಜುತ್ತೆ. ತೆಳು ವೆಬ್‌ನಲ್ಲಿ ಬಾಗುವುದಕ್ಕೆ ಅಷ್ಟೇ ಸಾಕು.

ಪೀಣ್ಯ ಸೆಕೆಂಡ್ ಸ್ಟೇಜ್
12 ಮಿಮೀ, 3 ಫ್ಲೂಟ್, ಅಲ್ಯೂಮಿನಿಯಂಗೇ ಇರುವ ಕಟರ್. ಕೋಟಿಂಗ್ ಇಲ್ಲ. ಹೊಸದು ಅಂತ ಮೊದಲೇ ಹೇಳಿದ್ದೇನಲ್ವಾ.

ಕಟರ್ ಕಾರ್ನರ್
ಪಾಕೆಟ್ ಮೂಲೆಯ ರೇಡಿಯಸ್ ಎಷ್ಟು?

ಪೀಣ್ಯ ಸೆಕೆಂಡ್ ಸ್ಟೇಜ್
6.

ಕಟರ್ ಕಾರ್ನರ್
ಸಿಕ್ಕಿತು ನೋಡಿ. 12ರ ಕಟರ್, 6ರ ಮೂಲೆ. ಮೂಲೆಗೆ ಹೋದ ತಕ್ಷಣ ಕಟರ್‌ನ ಕಾಲು ಭಾಗ ಒಂದೇ ಸಲ ಲೋಹಕ್ಕೆ ಕೂರುತ್ತೆ. ಸುಮಾರು 26 ಮಿಮೀ ಆಳ ಬೇರೆ. ಅಲ್ಲಿ ಚಾಟರ್ (ಕಟರ್ ನಡುಕ) ಬರಲೇಬೇಕು. 10ರ ಕಟರ್ ಹಾಕಿ, ಮೂಲೆಯನ್ನು ಸುತ್ತಿಸಿ ತೆಗೆಯಿರಿ.

ಬೆಳಗಾವಿ ಫೈವ್ ಆ್ಯಕ್ಸಿಸ್
ಚಾಟರ್ ಬಂದರೆ ಮೂಲೆಯಲ್ಲಿ ಗುರುತು ಬೀಳುತ್ತೆ. ಇಡೀ ರಿಬ್ 2.2 ಬಾಗುತ್ತಾ? ನನಗೆ ನಂಬಿಕೆ ಇಲ್ಲ. ಕ್ಲಾಂಪ್ ಬಿಟ್ಟು, ಗಾಳಿ ಹೀರಿ ಜಾಬ್ ಹಿಡಿಯುವ ವ್ಯಾಕ್ಯೂಮ್ ಫಿಕ್ಸ್ಚರ್‌ಗೆ ಬನ್ನಿ. ನಾವು 24,000 ಆರ್‌ಪಿಎಂ ಸ್ಪಿಂಡಲ್‌ನಲ್ಲಿ, ವ್ಯಾಕ್ಯೂಮ್ ಮೇಲೆ, ಇದಕ್ಕಿಂತ ಎರಡು ಪಟ್ಟು ಉದ್ದದ ಜಾಬ್ ತೆಗೆಯುತ್ತೇವೆ. ವೆಬ್ 1.2ಕ್ಕೆ ಇಳಿಸಿದರೂ ಅಲುಗುವುದಿಲ್ಲ. ಶ್ರಿಂಕ್ ಫಿಟ್ ಹೋಲ್ಡರ್, ಬ್ಯಾಲೆನ್ಸ್ ಮಾಡಿದ ಟೂಲ್, ಕೂಲಂಟ್ ಸ್ಪಿಂಡಲ್ ಒಳಗಿನಿಂದಲೇ.

ಕಟರ್ ಕಾರ್ನರ್
ಎಲ್ಲರ ಹತ್ತಿರ 24,000 ಸ್ಪಿಂಡಲ್ ಇರುವುದಿಲ್ಲ ಸರ್. ಪೀಣ್ಯದಲ್ಲಿ 8,000ದ ವಿಎಂಸಿ ಮಿಲ್ಲಿಂಗ್ ಮಷಿನ್‌ನಲ್ಲೇ ಒಳ್ಳೆ ಕೆಲಸ ನಡೆಯುತ್ತಿದೆ.

ಬೆಳಗಾವಿ ಫೈವ್ ಆ್ಯಕ್ಸಿಸ್
ನಡೆಯಲ್ಲ ಅಂತ ನಾನು ಹೇಳಲೇ ಇಲ್ಲ. ಹಿಡಿಯುವ ವಿಧಾನ ಸರಿ ಇಲ್ಲ ಅಂತ ಹೇಳಿದೆ. ಬಾಗಿರುವ ಪ್ಲೇಟನ್ನು ಕ್ಲಾಂಪಿನಿಂದ ಒತ್ತಿ ಚಪ್ಪಟೆ ಮಾಡಿ ಕತ್ತರಿಸಿದರೆ, ಬಿಚ್ಚಿದಾಗ ಅದು ಮೊದಲಿನ ಆಕಾರಕ್ಕೇ ಹೋಗುತ್ತೆ. ಕ್ಲಾಂಪ್ ಹಾಕುವ ಮೊದಲು ಫೀಲರ್ ಗೇಜ್ ತೂರಿಸಿ ನೋಡಿ. ಗ್ಯಾಪ್ ಇದ್ದರೆ ಅಲ್ಲಿ ಶಿಮ್ (ತೆಳು ತಗಡು) ಕೊಡಿ, ಒತ್ತಬೇಡಿ.

ವೆಬ್ ಮತ್ತು ಫ್ಲ್ಯಾಂಜ್
ನಾನು ಸ್ಟ್ರಕ್ಚರ್ ಡಿಸೈನ್ ಕಡೆಯವನು. ಮೂರು ವಿಷಯ ಹೇಳಿ. ಬಾಗಿದಾಗ ತುದಿ ಯಾವ ಕಡೆ ಏಳುತ್ತೆ, ಪಾಕೆಟ್ ಕಡೆಗಾ, ಅದರ ಬೆನ್ನಿನ ಕಡೆಗಾ? ಪ್ಲೇಟ್ ದಪ್ಪ ಎಷ್ಟು, ಯಾವ ಕಡೆಯಿಂದ ಎಷ್ಟು ತೆಗೆದಿರಿ? ಟೆಂಪರ್ (ಶಾಖ ಸಂಸ್ಕಾರದ ಗುರುತು) ಯಾವುದು? 7075 ಅಂತ ಮಾತ್ರ ಬರೆದಿದ್ದೀರಿ.

ಪೀಣ್ಯ ಸೆಕೆಂಡ್ ಸ್ಟೇಜ್
ತುದಿ ಪಾಕೆಟ್ ಕಡೆಗೇ ಏಳುತ್ತೆ. ಪ್ಲೇಟ್ 40 ಮಿಮೀ. ಕೆಳಗೆ 2 ಮಿಮೀ ಫೇಸಿಂಗ್, ಉಳಿದದ್ದೆಲ್ಲ ಮೇಲಿನಿಂದ. ಟೆಂಪರ್ ಟಿ6 ಇರಬೇಕು, ಬಿಲ್‌ನಲ್ಲಿ ಹಾಗೇ ಇದೆ.

ಕಟರ್ ಕಾರ್ನರ್
ಟೆಂಪರ್ ಗಟ್ಟಿತನದ ವಿಷಯ. ಟಿ6 ಚೆನ್ನಾಗಿ ಕಟ್ ಆಗುತ್ತೆ. ಮೊದಲು ಮೂಲೆ ಸರಿ ಮಾಡಿ ಅಂತ ಮತ್ತೆ ಹೇಳುತ್ತೇನೆ. ಚಿಪ್ಸ್ ಫೋಟೋ ಹಾಕಿ.

ವೆಬ್ ಮತ್ತು ಫ್ಲ್ಯಾಂಜ್
ಇಲ್ಲ ಸರ್, ಇಲ್ಲಿ ಟೆಂಪರ್ ಗಟ್ಟಿತನವನ್ನಷ್ಟೇ ಹೇಳುವುದಿಲ್ಲ. ಬಿಸಿ ಪ್ಲೇಟನ್ನು ಕ್ವೆಂಚ್ ಮಾಡಿದಾಗ, ಅಂದರೆ ತಟ್ಟನೆ ತಣಿಸಿದಾಗ, ಹೊರಮೈ ಮೊದಲು ತಣ್ಣಗಾಗುತ್ತೆ, ಒಳಗಿನದು ತಡವಾಗಿ. ಕೊನೆಗೆ ಹೊರಮೈಯಲ್ಲಿ ಒತ್ತಡ, ನಡುವಿನಲ್ಲಿ ಎಳೆತ ಉಳಿಯುತ್ತೆ. ಎರಡೂ ಸಮವಾಗಿರುವ ತನಕ ಪ್ಲೇಟ್ ನೇರವಾಗಿರುತ್ತೆ. ನೀವು ಮೇಲಿನಿಂದ 10 ಮಿಮೀ ಫೇಸಿಂಗ್ ಮಾಡಿ, ಆಮೇಲೆ ಸುಮಾರು 26 ಮಿಮೀ ಪಾಕೆಟ್ ತೋಡಿದಿರಿ. ಉಳಿದ ವೆಬ್ ಪ್ಲೇಟಿನ ಕೆಳಮೈಗೆ ಅಂಟಿಕೊಂಡಿದೆ. ಒತ್ತಡದಲ್ಲಿದ್ದ ಕೆಳಮೈ ಹಿಗ್ಗುತ್ತೆ. ಎಳೆತದಲ್ಲಿದ್ದ ನಡುಭಾಗ, ಅಂದರೆ ನಿಮ್ಮ ಫ್ಲ್ಯಾಂಜ್ (ಪಾಕೆಟ್ ಸುತ್ತಲಿನ ಗೋಡೆ), ಕುಗ್ಗುತ್ತೆ. ಆಗ ತುದಿ ಪಾಕೆಟ್ ಕಡೆಗೆ ಏಳುತ್ತೆ. ನಿಮಗೆ ಆಗುತ್ತಿರುವುದೂ ಅದೇ.

ಕಟರ್ ಉಜ್ಜಿದ್ದರಿಂದ ಬಾಗಿದ್ದರೆ ಸಾಮಾನ್ಯವಾಗಿ ಉಲ್ಟಾ ಆಗಬೇಕಿತ್ತು. ಉಜ್ಜಿಸಿಕೊಂಡ ಮೇಲ್ಮೈ ಹಿಗ್ಗಲು ನೋಡುತ್ತೆ, ಪಾಕೆಟ್ ತಳ ಉಬ್ಬುತ್ತೆ, ತುದಿ ಬೆನ್ನಿನ ಕಡೆಗೆ ಹೋಗುತ್ತೆ.

ಈ ಒಳಗಿನ ಎಳೆದಾಟ ತೆಗೆಯುವುದಕ್ಕೇ ಮಿಲ್‌ನಲ್ಲಿ ಕ್ವೆಂಚ್ ಆದ ಪ್ಲೇಟನ್ನು ಸುಮಾರು 1.5ರಿಂದ 3% ಹಿಗ್ಗಿಸುತ್ತಾರೆ. ಹಾಗೆ ಹಿಗ್ಗಿಸಿದ ಪ್ಲೇಟಿನ ಟೆಂಪರ್ ಕೊನೆಯಲ್ಲಿ 51 ಇರುತ್ತೆ: ಟಿ651, ಟಿ7351, ಟಿ7451. ನಿಮ್ಮ ಸರ್ಟಿಫಿಕೇಟ್‌ನಲ್ಲಿ ಬರೀ ಟಿ6 ಇದೆಯಾ, ಟಿ651 ಇದೆಯಾ? ಬಿಲ್ ಬೇಡ, ಟೆಸ್ಟ್ ಸರ್ಟಿಫಿಕೇಟ್ ನೋಡಿ.

ಹಳೇ ಶೀಟ್ ಮೆಟಲ್
ನನ್ನದೊಂದು ಪ್ರಶ್ನೆ. 28 ಮಿಮೀ ಎತ್ತರದ ರಿಬ್‌ಗೆ 40 ಮಿಮೀ ಪ್ಲೇಟ್ ಯಾಕೆ ಬೇಕು? ಬಹುಪಾಲು ಲೋಹ ಚಿಪ್ಸ್ ಆಗಿ ಹೋಗುತ್ತೆ. ನಮ್ಮ ಕಾಲದಲ್ಲಿ ಇಂಥ ರಿಬ್ ಶೀಟ್‌ನಲ್ಲೇ ಆಗುತ್ತಿತ್ತು. ಫಾರ್ಮ್ ಬ್ಲಾಕ್ ಮೇಲೆ 2024 ಅಲ್ಯೂಮಿನಿಯಂ ಶೀಟ್ ಇಟ್ಟು ರಬ್ಬರ್ ಪ್ರೆಸ್‌ನಲ್ಲಿ ಒತ್ತಿದರೆ ಮುಗಿಯಿತು. ಕ್ವೆಂಚ್ ಆದ ಶೀಟನ್ನು ಗಟ್ಟಿಯಾಗುವ ಮೊದಲೇ ಒತ್ತಬೇಕು, ಇಲ್ಲವಾದರೆ ಫ್ರಿಜ್‌ನಲ್ಲಿ ಇಡಬೇಕು. ಬಾಗಿದರೆ ಫ್ಲ್ಯಾಂಜ್‌ನಲ್ಲಿ ಅಲ್ಲಲ್ಲಿ ಫ್ಲೂಟ್, ಅಂದರೆ ಸಣ್ಣ ಸುಕ್ಕು, ಹಾಕಿದರೆ ನೇರವಾಗುತ್ತೆ. 1961ರಲ್ಲಿ ಬೆಂಗಳೂರಿನಲ್ಲಿ ಹಾರಿದ ಮಾರುತ್ ಯುದ್ಧವಿಮಾನದ ಕಾಲದ ಜನ ಶೀಟ್ ಮತ್ತು ರಿವೆಟ್‌ನಲ್ಲಿ ಎಂಥ ಕೆಲಸ ಮಾಡಿದ್ದರು ಗೊತ್ತಾ!

ಬೆಳಗಾವಿ ಫೈವ್ ಆ್ಯಕ್ಸಿಸ್
ಹಿರಿಯರೇ, ಆ ಕೆಲಸದ ಮೇಲೆ ನನಗೂ ಗೌರವ ಇದೆ. ಆದರೆ ಶೀಟ್ ರಿಬ್ ಅಂದರೆ ಕ್ಲಿಪ್, ಸ್ಟಿಫನರ್, ಆ್ಯಂಗಲ್, ನೂರಾರು ರಿವೆಟ್. ಒಂದೊಂದು ತೂತಿಗೂ ಡ್ರಿಲ್, ಬರ್ ತೆಗೆಯುವುದು, ಸೀಲಂಟ್. ಒಂದೊಂದಕ್ಕೂ ಜಿಗ್. ಅಮೆರಿಕದ ಯುದ್ಧವಿಮಾನ ಎಫ್/ಎ-18ರ ಸೂಪರ್ ಹಾರ್ನೆಟ್ ಹಳೆಯ ಹಾರ್ನೆಟ್‌ಗಿಂತ ಸುಮಾರು 25% ದೊಡ್ಡದು, ಆದರೂ ಅದರ ರಚನೆಯ ಭಾಗಗಳು 42% ಕಡಿಮೆ. ಚಿಪ್ಸ್ ಜಾಸ್ತಿ ಆದರೂ ಜೋಡಣೆಯಲ್ಲಿ ಆ ದುಡ್ಡು ವಾಪಸ್ ಬರುತ್ತೆ.

ಹಳೇ ಶೀಟ್ ಮೆಟಲ್
ದೊಡ್ಡ ಬಲ್ಕ್‌ಹೆಡ್‌ಗೆ ಸರಿ, ಒಪ್ಪುತ್ತೇನೆ. 640 ಮಿಮೀ ರಿಬ್‌ಗೂ ಅದೇ ಲೆಕ್ಕ ಹಾಕುವುದು ಸರಿಯಲ್ಲ. ಎಷ್ಟು ವಿಮಾನ, ಎಷ್ಟು ಲೋಡ್ ಅಂತ ನೋಡದೆ ಎಲ್ಲವನ್ನೂ ಪ್ಲೇಟಿನಿಂದ ತೋಡುವುದು ಈಗಿನ ಅಭ್ಯಾಸ ಆಗಿಬಿಟ್ಟಿದೆ. ರಿಪೇರಿ ಮಾಡುವವರನ್ನೂ ಕೇಳಿ. ಶೀಟ್ ರಿಬ್‌ನಲ್ಲಿ ಕ್ರ್ಯಾಕ್ ಬಂದರೆ ಎಷ್ಟೋ ಕಡೆ ಪ್ಯಾಚ್ ಹಾಕಬಹುದು.

ಪೀಣ್ಯ ಸೆಕೆಂಡ್ ಸ್ಟೇಜ್
ದಯವಿಟ್ಟು ನನ್ನ ಜಾಬ್‌ಗೆ ಬನ್ನಿ. ಡ್ರಾಯಿಂಗ್ ನಮ್ಮದಲ್ಲ, ಪ್ಲೇಟಿನಿಂದಲೇ ಮಾಡಬೇಕು. ಸರ್ಟಿಫಿಕೇಟ್ ಹುಡುಕಿದೆ. 7075-ಟಿ6 ಅಂತಲೇ ಇದೆ, 51 ಇಲ್ಲ. ಇದು ಟ್ರಯಲ್ ಪೀಸ್. ಕಸ್ಟಮರ್ ಪ್ಲೇಟ್ ಇನ್ನೂ ಬಂದಿಲ್ಲ, ಅದು 7050-ಟಿ7451. ಅಲ್ಲಿಯ ತನಕ ಪ್ರೋಗ್ರಾಂ ನೋಡೋಣ ಅಂತ ಲೋಕಲ್ ಸ್ಟಾಕಿಸ್ಟ್ ಹತ್ತಿರ ಈ ಪ್ಲೇಟ್ ತಂದೆವು.

ಬೆಳಗಾವಿ ಫೈವ್ ಆ್ಯಕ್ಸಿಸ್
ಮೊದಲ ಪೋಸ್ಟ್‌ನಲ್ಲೇ ಬೇಕಾಗಿದ್ದ ವಿಷಯ ಇದು.

ವೆಬ್ ಮತ್ತು ಫ್ಲ್ಯಾಂಜ್
ಖಾತ್ರಿ ಮಾಡಿಕೊಳ್ಳುವುದು ಸುಲಭ. ಉಳಿದ ಪ್ಲೇಟಿನಿಂದ 300 ಮಿಮೀ ಉದ್ದದ ಪಟ್ಟಿ ಕತ್ತರಿಸಿ. ಅರ್ಧ ದಪ್ಪ ತೆಗೆಯಿರಿ, ಸಣ್ಣ ಸಣ್ಣ ಕಟ್‌ನಲ್ಲಿ. ಬಿಚ್ಚಿ ಎಷ್ಟು ಬಾಗಿದೆ ನೋಡಿ. ಅಷ್ಟು ದಪ್ಪದ ಪಟ್ಟಿಯನ್ನು ಚೂಪಾದ ಕಟರ್ ಕಣ್ಣಿಗೆ ಕಾಣುವಷ್ಟು ಬಾಗಿಸುವುದಿಲ್ಲ. ಬಾಗಿದರೆ ಅದು ಪ್ಲೇಟಿನದ್ದೇ.

ಕಸ್ಟಮರ್ ಪ್ಲೇಟ್ ಬಂದ ಮೇಲೂ ಸ್ವಲ್ಪ ಬಾಗುವುದು ಇದ್ದೇ ಇರುತ್ತೆ, ಯಾಕೆಂದರೆ ಎಲ್ಲ ಪಾಕೆಟ್ ಒಂದೇ ಕಡೆ. ಹಾಗಾಗಿ 12 ಮಿಮೀ ಹೆಚ್ಚುವರಿಯನ್ನು 2 ಮತ್ತು 10 ಅಂತ ಹಂಚಬೇಡಿ, 6 ಮತ್ತು 6 ಮಾಡಿ. ರಫಿಂಗ್‌ನಲ್ಲಿ ಎಲ್ಲ ಕಡೆ 2–3 ಮಿಮೀ ಬಿಟ್ಟು ಪೂರ್ತಿ ಬಿಚ್ಚಿ. ಎಷ್ಟು ಬಾಗಬೇಕೋ ಆಗಲೇ ಬಾಗಲಿ. ಆಮೇಲೆ ಕೆಳಮೈಗೆ ಶಿಮ್ ಕೊಟ್ಟು, ಒತ್ತದೆ ಹಿಡಿದು, ಡೇಟಂ (ಅಳತೆಗೆ ಆಧಾರವಾದ ಮೈ) ಮತ್ತೆ ತೆಳುವಾಗಿ ಸ್ಕಿಮ್ ಮಾಡಿ, ಕೊನೆಗೆ ಫಿನಿಶಿಂಗ್. ಫ್ಲ್ಯಾಂಜ್ ಗೋಡೆಯನ್ನು ಒಂದೇ ಸಲ ತಳದ ತನಕ ಇಳಿಸಬೇಡಿ. ಎರಡೂ ಬದಿ ಸರದಿಯಂತೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ.

ಬೆಳಗಾವಿ ಫೈವ್ ಆ್ಯಕ್ಸಿಸ್
ಇದೆಲ್ಲ ಮಾಡಿದರೆ ಸೆಟಪ್ ಎರಡು ಪಟ್ಟು. ದರ ಕೊಟ್ಟಾಗ ಯಾರೂ ಇದನ್ನು ಎಣಿಸಿರುವುದಿಲ್ಲ. ವೆಬ್ ನಡುವೆ ಬರುವ ಹಾಗೆ, ಎರಡೂ ಕಡೆ ಪಾಕೆಟ್ ಇರುವ ಹಾಗೆ ಡಿಸೈನ್‌ನಲ್ಲೇ ಮಾಡಿದ್ದರೆ?

ವೆಬ್ ಮತ್ತು ಫ್ಲ್ಯಾಂಜ್
ಬಾಗುವುದು ಬಹಳ ಕಡಿಮೆ ಆಗುತ್ತಿತ್ತು. ಆದರೆ ಬೆನ್ನು ಚಪ್ಪಟೆ ಇದ್ದರೆ ಪಕ್ಕದ ಭಾಗಕ್ಕೆ ಕೂರಿಸುವುದು, ರಿವೆಟ್ ಗನ್ ಹಿಡಿಯುವುದು ಸಲೀಸು. ಒಂದೇ ಸೆಟಪ್‌ನಲ್ಲಿ ಮುಗಿಯುತ್ತೆ ಅಂತ ಕಾಗದದ ಮೇಲೆ ಕಾಣುತ್ತೆ. ನಾವು ಡಿಸೈನರ್‌ಗಳು ಶಾಪ್‌ಗೆ ಬಂದು ಕ್ಲಾಂಪ್ ಬಿಚ್ಚುವುದನ್ನು ನೋಡಬೇಕು. ನೋಡಿದರೆ ಮಾತ್ರ ಆ ಒಂದು ಸೆಟಪ್ ನಿಜವಾಗಿ ನಾಲ್ಕಾಗುವುದು ಗೊತ್ತಾಗುತ್ತೆ.

ಪೀಣ್ಯದವರೇ, ಡ್ರಾಯಿಂಗ್ ನಿಮ್ಮದಲ್ಲ ಅಂತ ಸುಮ್ನಿರಬೇಡಿ. ಕಸ್ಟಮರ್‌ಗೆ ಕ್ವೆರಿ ಕಳಿಸಿ. ಎರಡು ತುದಿಗೂ ಟೂಲಿಂಗ್ ಟ್ಯಾಬ್ (ಹಿಡಿಯಲು ಹೆಚ್ಚುವರಿ ತುಂಡು) ಬಿಡಲು ಅನುಮತಿ ಕೇಳಿ, ಕೊನೆಯಲ್ಲಿ ಕತ್ತರಿಸುತ್ತೇವೆ ಅಂತ ಬರೆಯಿರಿ. ಪಾಕೆಟ್ ಮೂಲೆ 6ರಿಂದ 7 ಮಾಡಲು ಕೇಳಿ. 26 ಮಿಮೀ ಆಳಕ್ಕೆ ಒಂದು ಮೂಲೆಗೆ ಹೆಚ್ಚುವುದು ಸುಮಾರು 0.2 ಗ್ರಾಂ. ನಾಲ್ಕು ಪಾಕೆಟ್‌ಗೆ ಹದಿನಾರು ಮೂಲೆ, ಒಟ್ಟು 3.2 ಗ್ರಾಂ. ಈ ಲೆಕ್ಕವನ್ನೂ ಕ್ವೆರಿಯಲ್ಲೇ ಹಾಕಿ. ತೂಕ ಎಷ್ಟು ಅಂತ ಬರೆದು ಕೇಳಿದರೆ ಅವರ ಸ್ಟ್ರೆಸ್ ಲೆಕ್ಕ ನೋಡುವವರು ಬೇಗ ಉತ್ತರ ಕೊಡುತ್ತಾರೆ.

ಕಟರ್ ಕಾರ್ನರ್
ಮೂಲೆ 7 ಮಾಡಿ ಅಂದರೆ ನಾನು ಹೇಳಿದ್ದೇ ಆಯಿತಲ್ವಾ?

ವೆಬ್ ಮತ್ತು ಫ್ಲ್ಯಾಂಜ್
ಮೂಲೆಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಸೈಕಲ್ ಟೈಂ ಇಳಿಯುತ್ತೆ, ಚಾಟರ್ ಹೋಗುತ್ತೆ. ಈ 2.2ಕ್ಕೆ ಮಾತ್ರ ಅದು ಕಾರಣವಲ್ಲ.

ಕಟರ್ ಕಾರ್ನರ್
10ರ ಕಟರ್ ಹಾಕಿ ಒಂದು ಪೀಸ್ ತೆಗೆದು ನೋಡುವ ತನಕ ನಾನು ಒಪ್ಪುವುದಿಲ್ಲ.

ಪೀಣ್ಯ ಸೆಕೆಂಡ್ ಸ್ಟೇಜ್
ಪಟ್ಟಿ ಕತ್ತರಿಸಿ ನೋಡಿದೆ. 300 ಮಿಮೀಗೆ 0.9 ಬಾಗಿದೆ, ಕತ್ತರಿಸಿದ ಕಡೆಗೇ ತುದಿ ಎದ್ದಿದೆ. 10ರ ಕಟರ್‌ನಿಂದಲೇ ತೆಗೆದದ್ದು. ಈ ಪ್ಲೇಟ್‌ನಲ್ಲಿ ಟ್ರಯಲ್ ನಿಲ್ಲಿಸಿದ್ದೇನೆ. ಟಿ651 ಸರ್ಟಿಫಿಕೇಟ್ ಇರುವ ತುಂಡು ಹುಡುಕುತ್ತಿದ್ದೇನೆ. ಟ್ಯಾಬ್ ಮತ್ತು ಮೂಲೆಯ ಕ್ವೆರಿ ಇವತ್ತೇ ಕಳಿಸಿದೆ, 3.2 ಗ್ರಾಂ ಲೆಕ್ಕದ ಸಮೇತ. ಎಲ್ಲರಿಗೂ ಧನ್ಯವಾದ.

ಸಂಜೆ ಶಿಫ್ಟ್
ಬೆಳಗಾವಿ ಸರ್, ಆ ವ್ಯಾಕ್ಯೂಮ್ ಫಿಕ್ಸ್ಚರ್‌ಗೆ ಯಾವ ಸೀಲಿಂಗ್ ಹುರಿ ಹಾಕುತ್ತೀರಿ? ನಮ್ಮದರಲ್ಲಿ ಕೂಲಂಟ್ ಪಂಪ್ ಒಳಗೆ ಹೋಗುತ್ತಿದೆ. ಪ್ಲೇಟ್ 6061.

ಬೆಳಗಾವಿ ಫೈವ್ ಆ್ಯಕ್ಸಿಸ್
ಅದಕ್ಕೆ ಬೇರೆ ಥ್ರೆಡ್ ತೆರೆಯಿರಿ. ಪಂಪ್‌ಗೆ ಮೊದಲು ನೀರು ಬೇರ್ಪಡಿಸುವ ಟ್ಯಾಂಕ್ ಇದೆಯಾ ಅಂತ ಅಲ್ಲಿ ಬರೆಯಿರಿ. ಟೆಂಪರ್ ಕೂಡ.