ಆರ್ಡರ್ ಪೇಜ್‌ನಲ್ಲಿ ಒಂಬತ್ತು ಸ್ಟೇಟಸ್, ಮೂರಕ್ಕೆ ಇಳಿಸಬಹುದಾ?

ತ್ಯಾಗರಾಜನಗರದ ಡಿಸೈನರ್ ಕೇಳಿದ್ದು:

ಎಚ್ಎಸ್ಆರ್ ಲೇಔಟ್‌ನ ಚಿಕ್ಕ ಕಂಪನಿಯೊಂದರಲ್ಲಿ ಷೇರು ಆಪ್‌ಗೆ ಸ್ಕ್ರೀನ್ ಡಿಸೈನ್ ಮಾಡುತ್ತೇನೆ. ಈಗ ಕೈಯಲ್ಲಿರುವುದು ಆರ್ಡರ್ ಪೇಜ್.

ಹೋದ ವಾರ ಮನೆಯಲ್ಲೇ ಒಂದು ಎಡವಟ್ಟಾಯಿತು. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಬೆಳಗ್ಗೆ 9:15ಕ್ಕೆ ಮಾರ್ಕೆಟ್ ಶುರುವಾಗುವ ಹೊತ್ತಿಗೆ ಕಾಫಿ ಲೋಟ, ಫೋನು, ಒಂದು ನೋಟ್‌ಬುಕ್ ಇಟ್ಟುಕೊಂಡು ಕೂರುತ್ತಾರೆ. ಅವತ್ತು 412 ರೂಪಾಯಿಗೆ 50 ಷೇರು ಕೊಳ್ಳಲು ಲಿಮಿಟ್ ಆರ್ಡರ್ (ಹೇಳಿದ ಬೆಲೆಗಿಂತ ಹೆಚ್ಚು ಕೊಡದ ಆರ್ಡರ್) ಹಾಕಿದರು. 18 ಸಿಕ್ಕಿತು, ಅಷ್ಟರಲ್ಲಿ ಬೆಲೆ ಏರಿತು, 32 ಬಾಕಿ ಉಳಿಯಿತು. ಅವರು ಬಳಸುವ ಆಪ್ ನಮ್ಮದಲ್ಲ. ಅದರಲ್ಲಿ ಬೂದು ಬಣ್ಣದಲ್ಲಿ 'ಓಪನ್' ಅಂತಿತ್ತು, ಪಕ್ಕದಲ್ಲಿ ಸಣ್ಣಗೆ '18/50'. ಸ್ಕ್ರೀನ್ ಎಳೆದು ಎಳೆದು ನಾಲ್ಕೈದು ಸಲ ರಿಫ್ರೆಶ್ ಮಾಡಿದರು. ಆರ್ಡರ್ ಹೋಗಲೇ ಇಲ್ಲ ಅಂದುಕೊಂಡು ಅದೇ ಬೆಲೆಗೆ ಇನ್ನೊಂದು 50 ಹಾಕಿದರು. ಮಧ್ಯಾಹ್ನ ಬೆಲೆ ಇಳಿದು ಎರಡೂ ಪೂರ್ತಿಯಾದವು. 20,600 ರೂಪಾಯಿಯ ಖರೀದಿ 41,200 ಆಯಿತು. ನೋಟ್‌ಬುಕ್‌ನಲ್ಲಿ 50 ಹೊಡೆದುಹಾಕಿ 100 ಅಂತ ಬರೆದು ಸುಮ್ಮನಾದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ನಮ್ಮ ಆಪ್‌ನಲ್ಲೂ ಅದೇ 'ಓಪನ್' ಇದೆ.

ನಮ್ಮಲ್ಲಿ ಒಟ್ಟು ಒಂಬತ್ತು ಸ್ಟೇಟಸ್. 'ಕಾಯ್ತಾ ಇದೆ, ಆಯ್ತು, ಆಗಲಿಲ್ಲ' ಅಂತ ಮೂರಕ್ಕೆ ಇಳಿಸೋಣ ಅಂತಿದ್ದೇನೆ. ಆದರೆ ಅರ್ಧ ಆಗಿರುವ ಆರ್ಡರ್ ಯಾವುದರಲ್ಲಿ ಬರಬೇಕು?

ಹಳೇ ಬ್ರೋಕರ್ ಆಫೀಸಿನವರು:

ನಾನು ಹನ್ನೆರಡು ವರ್ಷ ಬ್ರೋಕರ್ ಆಫೀಸಿನಲ್ಲಿ ಫೋನ್ ಎತ್ತಿದವನು. ಜನ ಸ್ಟೇಟಸ್ ಕೇಳುತ್ತಲೇ ಇರಲಿಲ್ಲ. 'ಎಷ್ಟಾಯ್ತು, ಎಷ್ಟು ಬಾಕಿ, ಉಳಿದ ದುಡ್ಡು ಎಲ್ಲಿದೆ?' ಇಷ್ಟೇ. ಅದನ್ನೇ ಸಾಲಿನಲ್ಲಿ ಬರೆಯಿರಿ: '50ರಲ್ಲಿ 18 ಸಿಕ್ಕಿದೆ. 32 ಬಾಕಿ. 3:30ರೊಳಗೆ ಸಿಗದಿದ್ದರೆ ರದ್ದಾಗುತ್ತೆ.' ದಿನದ ಆರ್ಡರ್ ಸಂಜೆಗೆ ತಾನಾಗೇ ಬಿದ್ದುಹೋಗುತ್ತೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ನಷ್ಟ ಹೆಚ್ಚಾಗದಿರಲಿ ಅಂತ ಮೊದಲೇ ಹಾಕಿಡುವ ಸ್ಟಾಪ್ ಲಾಸ್ ಆರ್ಡರನ್ನು ಮಾತ್ರ 'ಕಾಯ್ತಾ ಇದೆ'ಗೆ ಸೇರಿಸಬೇಡಿ. ಅದು ಟ್ರಿಗರ್ ಬೆಲೆ, ಅಂದರೆ ನಾವು ಗೊತ್ತುಮಾಡಿದ ಬೆಲೆ, ಮುಟ್ಟುವ ತನಕ ಮಾರುಕಟ್ಟೆಯ ಸರದಿಗೇ ಬರಲ್ಲ. 'ಬೆಲೆ 390 ಮುಟ್ಟಿದರೆ ಮಾತ್ರ ಮಾರುತ್ತೆ' ಅಂತ ಬೇರೆ ತೋರಿಸಿ.

ಆಂಡ್ರಾಯ್ಡ್ ಹುಡುಗಿ:

ಮೇಲಿನವರು ಹೇಳಿದ್ದು ಸರಿ. ಕೋಡ್ ಬರೆಯುವವಳಾಗಿ ಒಂದು ಮಾತು. ಕ್ಯಾನ್ಸಲ್ ಒತ್ತಿದ ತಕ್ಷಣ 'ರದ್ದಾಯ್ತು' ಅಂತ ಬರೆಯಲೇಬೇಡಿ. ವಿನಂತಿ ಎಕ್ಸ್‌ಚೇಂಜ್ ತಲುಪುವ ಮೊದಲೇ ಆರ್ಡರ್ ಪೂರ್ತಿಯಾಗಿರಬಹುದು. ಅಲ್ಲಿಂದ ಉತ್ತರ ಬರುವ ತನಕ 'ರದ್ದಿಗೆ ಕಳಿಸಿದೆ' ಅಂತಲೇ ಇರಲಿ.

ಇನ್ನೊಂದು, ಮೆಟ್ರೋದಲ್ಲಿ ಮೆಜೆಸ್ಟಿಕ್ ಹತ್ತಿರ ಸುರಂಗದೊಳಗೆ ನನ್ನ ನೆಟ್‌ವರ್ಕ್ ಹೋಗುತ್ತೆ. ಆಗ ಪೇಜ್ ಹಳೇ ಮಾಹಿತಿಯನ್ನೇ ಹೊಸದು ಅನ್ನೋ ಹಾಗೆ ತೋರಿಸುತ್ತೆ. '9:42ರ ಮಾಹಿತಿ' ಅಂತ ಒಂದು ಸಾಲು ಇದ್ದರೆ ಜನ ಗಾಬರಿಯಿಂದ ಇನ್ನೊಂದು ಆರ್ಡರ್ ಹಾಕಲ್ಲ. ಅದೇ ಷೇರು, ಅದೇ ಸಂಖ್ಯೆ ಮತ್ತೆ ಬಂದರೆ 'ಮೊದಲಿನ ಆರ್ಡರ್ ಇನ್ನೂ ಬಾಕಿ ಇದೆ' ಅಂತ ನಿಲ್ಲಿಸಿ ಕೇಳಿ. ನಿಮ್ಮ ಅಪ್ಪನಿಗೆ ಬೇಕಿದ್ದಿದ್ದು ಇದೇ ಅಲ್ವಾ?

ಅನುವಾದ ಮಾಡುವವನು:

'ಓಪನ್' ಅನ್ನೋದನ್ನು ಎಲ್ಲೋ 'ತೆರೆದಿದೆ' ಅಂತ ಮಾಡಿದ್ದನ್ನು ನೋಡಿದ್ದೇನೆ. ಅಂಗಡಿ ಬಾಗಿಲಾ? 'ಕಾರ್ಯಗತಗೊಂಡಿದೆ' ಕೂಡ ಬೇಡ, ಬಟನ್‌ನಲ್ಲಿ ಹಿಡಿಸಲ್ಲ, ಮನಸ್ಸಿಗೂ ಹಿಡಿಸಲ್ಲ. 'ಕೊಂಡಾಯ್ತು', 'ಮಾರಿಯಾಯ್ತು' ಸಾಕು.

ಸಾಲಿನ ಎತ್ತರ ಜಾಸ್ತಿ ಇಡಿ. ಇಂಗ್ಲಿಷ್ ಅಳತೆಗೆ ಮಾಡಿದ ಡಬ್ಬಿಯಲ್ಲಿ ಒತ್ತಕ್ಷರ ಕತ್ತರಿಸಿಹೋಗುತ್ತೆ. ದಕಾರದ ಒತ್ತು ಹೋಗಿ 'ರದ್ದು' ಅನ್ನೋದು 'ರದು' ಆಗಿದ್ದನ್ನು ನಾನೇ ಸರಿಮಾಡಿಸಿದ್ದೇನೆ.

ತ್ಯಾಗರಾಜನಗರದ ಡಿಸೈನರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಟೇಟಸ್ ಎಷ್ಟಿರಬೇಕು ಅಂತ ಲೆಕ್ಕ ಹಾಕೋದನ್ನೇ ಬಿಟ್ಟೆ. ಪ್ರತಿ ಆರ್ಡರ್‌ಗೂ ಒಂದು ಪೂರ್ತಿ ವಾಕ್ಯ ಬರೆದು, ಕಾಗದದ ಮೇಲೆ ಪ್ರಿಂಟ್ ತೆಗೆದು ಅಪ್ಪನ ಮುಂದಿಟ್ಟೆ. '50ರಲ್ಲಿ 18 ಸಿಕ್ಕಿದೆ' ಅನ್ನೋದನ್ನು ಜೋರಾಗಿ ಓದಿ, ಮಾತಾಡದೆ ನೋಟ್‌ಬುಕ್ ತೆಗೆದು '18, ಬಾಕಿ 32' ಅಂತ ಬರೆದುಕೊಂಡರು.

'50ಕ್ಕೆ 50 ಕೊಂಡಾಯ್ತು' ಅನ್ನೋ ಹಾಳೆ ಕೊಟ್ಟಾಗ ಮಾತ್ರ ತಡೆದರು. 'ಹಾಗಾದರೆ ಷೇರು ಡಿಮ್ಯಾಟ್‌ಗೆ ಬಂತಾ?' ಅಂದರು. ಡಿಮ್ಯಾಟ್ ಅಂದರೆ ಷೇರು ಇಡುವ ಖಾತೆ, ಅಲ್ಲಿಗೆ ಇನ್ನೂ ಬಂದಿರಲ್ಲ. 2023ರಿಂದ ಸೆಟಲ್‌ಮೆಂಟ್ (ದುಡ್ಡು, ಷೇರು ಕೈಬದಲಾಗೋದು) ಮಾರನೇ ಕೆಲಸದ ದಿನಕ್ಕೆ ಆಗುತ್ತೆ. 'ನಾಳೆ ನಿಮ್ಮ ಖಾತೆಗೆ ಬರುತ್ತೆ' ಅಂತ ಸೇರಿಸುತ್ತಿದ್ದೇನೆ. ಶುಕ್ರವಾರ ಕೊಂಡರೆ 'ಸೋಮವಾರ' ಅಂತ ಬರಬೇಕು, ನಡುವೆ ಹಬ್ಬದ ರಜೆ ಬಂದರೆ ಅದನ್ನೂ ಲೆಕ್ಕ ಹಾಕಬೇಕು. ರಜೆಯ ಪಟ್ಟಿಯನ್ನು ಆಪ್‌ನೊಳಗೇ ಇಡೋದಾ, ಸರ್ವರ್‌ನಿಂದ ತರೋದಾ? ಆಂಡ್ರಾಯ್ಡ್ ಅವರೇ, ನೀವು ಹೇಗೆ ಮಾಡುತ್ತೀರಿ?