ಮನೆಯಲ್ಲೇ ಎಂಜಿನ್ ಆಯಿಲ್ ಬದಲಿಸಿದವರು ಅನುಭವ ಹೇಳಿ

ಪ್ರಶ್ನೆ: ಕಾರಿಗೆ ಮೊದಲ ಸಲ ನಾನೇ ಆಯಿಲ್ ಚೇಂಜ್ ಮಾಡ್ಬೇಕು ಅಂತಿದೀನಿ. ಪೆಟ್ರೋಲ್ ಗಾಡಿ, ಸಿವಿಟಿ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಮ್ಯಾನುಯಲ್‌ನಲ್ಲಿ 0ಡಬ್ಲ್ಯು-20 ಗ್ರೇಡ್ ಆಯಿಲ್, ಫಿಲ್ಟರ್ ಸೇರಿ 3.7 ಲೀಟರ್ ಅಂತಿದೆ. ಆಯಿಲ್, ಫಿಲ್ಟರ್, ಜಾಕ್ ಸ್ಟ್ಯಾಂಡ್ ತಂದಾಗಿದೆ. ಕೆಳಗೆ ಬಗ್ಗಿ ನೋಡಿದ್ರೆ ಬಿಚ್ಚೋ ಥರದ ಬೋಲ್ಟ್ ಎರಡು ಕಾಣ್ತಿವೆ. ಯಾವುದು ಬಿಚ್ಚಬೇಕು? ಮಾಡಿದವರು ದಯವಿಟ್ಟು ಹೇಳಿ.

ಸ್ಪ್ಯಾನರ್17: ವಾಷರ್ ಎಲ್ಲಿ? ನಿಮ್ಮ ಪಟ್ಟಿಯಲ್ಲಿ ಅದೇ ಇಲ್ಲ. ಡ್ರೈನ್ ಪ್ಲಗ್, ಅಂದ್ರೆ ಹಳೇ ಆಯಿಲ್ ಸುರಿಸೋಕೆ ಬಿಚ್ಚೋ ಬೋಲ್ಟ್, ಅದರ ವಾಷರ್ ತಾಮ್ರದ್ದೋ ಅಲ್ಯೂಮಿನಿಯಂದೋ ಇರುತ್ತೆ, ಒಂದು ಸಲ ಅಮುಕಿದ ಮೇಲೆ ಅದರ ಕೆಲಸ ಮುಗೀತು. ಹಳೇದನ್ನೇ ಹಾಕಿದ್ರೆ ಹನಿಹನಿಯಾಗಿ ಜಿನುಗುತ್ತೆ. ಜಿನುಗೋದು ನಿಲ್ಲಲಿ ಅಂತ ಜನ ಒಂಚೂರು ಬಿಗಿ ಮಾಡ್ತಾರೆ, ಮಾರನೇ ದಿನ ಇನ್ನೊಂಚೂರು. ಈಗಿನ ಎಷ್ಟೋ ಗಾಡಿಗಳ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಅಲ್ಯೂಮಿನಿಯಂ, ಪ್ಲಗ್ ಸ್ಟೀಲು. ಗೆಲ್ಲೋದು ಸ್ಟೀಲೇ. ಮುಂದಿನ ಸಲ ಬಿಚ್ಚಿದಾಗ ಪ್ಲಗ್‌ನ ಥ್ರೆಡ್ ಸಂದಿಯಲ್ಲಿ ಬೆಳ್ಳಗೆ ತಂತಿಯ ಸುರುಳಿ ಥರ ಸುತ್ತಿಕೊಂಡು ಬಂದ್ರೆ ಅದು ಸಂಪ್‌ನ ಥ್ರೆಡ್ಡು. ಅಲ್ಲಿಂದ ಖರ್ಚು ಶುರು. ದಪ್ಪ ಸೈಜಿನ ಪ್ಲಗ್ ಕೊರೆದು ಕೂರಿಸೋದು ತಾತ್ಕಾಲಿಕ. ಹೆಲಿಕಾಯಿಲ್, ಅಂದ್ರೆ ಹೊಸ ಥ್ರೆಡ್ ಆಗೋ ಸ್ಪ್ರಿಂಗ್ ಥರದ ತಂತಿ, ಹಾಕಿಸಿದ್ರೆ ಬಾಳುತ್ತೆ, ಆದ್ರೆ ಅದಕ್ಕೆ ಥ್ರೆಡ್ ಕೊರೆಯೋವಾಗ ಲೋಹದ ಚೂರು ಒಳಗೆ ಉಳೀಬಾರದು. ಅದೂ ಆಗ್ಲಿಲ್ಲ ಅಂದ್ರೆ ಇಡೀ ಸಂಪ್ ಇಳಿಸಬೇಕು, ಹೊಸ ಸಂಪ್, ಹೊಸ ಸೀಲೆಂಟ್, ಅದು ಒಣಗೋವರೆಗೆ ಗಾಡಿ ನಿಂತಲ್ಲೇ. ಇಷ್ಟಕ್ಕೂ ಕಾರಣ ಒಂದು ವಾಷರ್. ಪ್ಲಗ್‌ನ ಮೊದಲು ಬರೀ ಕೈಯಲ್ಲಿ ನಾಲ್ಕು ಸುತ್ತು ಹಾಕಿ, ಕೈಗೆ ತಿರುಗದಿದ್ರೆ ಓರೆಯಾಗಿ ಕೂತಿದೆ ಅಂತ ಅರ್ಥ. ಆಮೇಲೆ ಸ್ಪ್ಯಾನರ್. ವಾಷರ್ ಅಮುಕಿದ್ದು ಕೈಗೇ ಗೊತ್ತಾಗುತ್ತೆ, ಅಲ್ಲಿಗೆ ಸಾಕು.

ಟಾರ್ಕ್‌ಪ್ರಿಯ: "ಕೈಗೇ ಗೊತ್ತಾಗುತ್ತೆ" ಅಂತ ಹೊಸಬರಿಗೆ ಹೇಳ್ಬೇಡಿ ಸ್ವಾಮಿ. ನೀವು ಹೇಳಿದ ಆ ಸುರುಳಿ ಬರೋದೇ ಇಂಥ ಮಾತಿನಿಂದ. ಉದ್ದ ಹಿಡಿಯ ರ್‍ಯಾಟ್ಚೆಟ್ ಹಿಡಿದ್ರೆ 40 ನ್ಯೂಟನ್ ಮೀಟರ್ ಬಿಗಿತಕ್ಕೂ 70ಕ್ಕೂ ಕೈಗೆ ವ್ಯತ್ಯಾಸವೇ ಸಿಗಲ್ಲ. ಸಾಮಾನ್ಯ ಕಾರುಗಳಲ್ಲಿ ಪ್ಲಗ್‌ನ ಬಿಗಿತ 25ರಿಂದ 40ರ ಆಸುಪಾಸು ಇರುತ್ತೆ, ನಿಮ್ಮ ಗಾಡಿಯ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿ ಬಿಗಿತ ಅಳೆಯೋ ಟಾರ್ಕ್ ರೆಂಚ್ ಹಾಕಿ. ಫಿಲ್ಟರ್‌ಗೆ ಮಾತ್ರ ಕೈ. ಹಳೇ ಫಿಲ್ಟರ್ ತೆಗೆದ ತಕ್ಷಣ ಅದರ ರಬ್ಬರ್ ರಿಂಗ್ ಅದರ ಜೊತೆಗೇ ಬಂತಾ ನೋಡಿ. ಎಂಜಿನ್ ಕಡೆ ಅಂಟಿಕೊಂಡು ಉಳಿದ್ರೆ, ಅದರ ಮೇಲೆ ಹೊಸ ರಿಂಗ್ ಕೂತ್ರೆ, ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೆ ಒತ್ತಡಕ್ಕೆ ಎರಡೂ ಜಾರಿ ಆಯಿಲ್ ಎಲ್ಲ ನೆಲದ ಪಾಲು. ಹೊಸ ರಿಂಗ್‌ಗೆ ಬೆರಳಿಂದ ಹೊಸ ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಡಬ್ಬಿ ಮೇಲೆ ಬೇರೆ ಬರೆದಿದ್ರೆ ಅದರಂತೆ.

ವ್ಯಾಕ್ಯೂಮ್‌ಪಂಪ್: ಎರಡು ಬೋಲ್ಟೂ ಮುಟ್ಟಬೇಡಿ. ಆಯಿಲ್ ಮಟ್ಟ ನೋಡೋ ಡಿಪ್‌ಸ್ಟಿಕ್‌ನ ಕೊಳವೆಯಲ್ಲಿ ಪೈಪ್ ಇಳಿಸಿ ಪಂಪ್‌ನಲ್ಲಿ ಎಳೀರಿ. ಎಂಜಿನ್ ಐದು ನಿಮಿಷ ಓಡಿಸಿ ಆಫ್ ಮಾಡಿ, ಬೆಚ್ಚಗಿರುವಾಗ ಎಳೆದ್ರೆ ತಳ್ಳಗೆ ಬರುತ್ತೆ. ಪೈಪ್ ತಳ ತಾಗೋವರೆಗೆ ಹೋಗ್ಬೇಕು. ಪಂಪ್ ಡಬ್ಬಿಯ ಗುರುತು ನೋಡಿ: ಗಾಡಿಯಲ್ಲಿ ಮೂರೂವರೆ ಲೀಟರ್ ಇದ್ದು ಮೂರೇ ಬಂದ್ರೆ ಪೈಪ್ ಎಲ್ಲೋ ಮಡಚಿದೆ, ಮೇಲೆಳೆದು ಮತ್ತೆ ಬಿಡಿ. ಜಾಕ್ ಇಲ್ಲ, ವಾಷರ್ ಇಲ್ಲ, ಥ್ರೆಡ್ ಹೋಗೋ ಮಾತೇ ಇಲ್ಲ.

ಸ್ಪ್ಯಾನರ್17: ಫಿಲ್ಟರ್ ಕೆಳಗಿದ್ರೆ? ಆಗಲೂ ಜಾಕ್ ಎತ್ತಲೇಬೇಕಲ್ಲ. ಎಲ್ಲ ಸಂಪ್‌ಗೂ ಡಿಪ್‌ಸ್ಟಿಕ್ ಪೈಪ್ ತಗ್ಗಿನ ಮೂಲೆಗೆ ಹೋಗಲ್ಲ, ತಳದ ಕೆಸರು ಅಲ್ಲೇ ಉಳಿಯುತ್ತೆ. ಪ್ಲಗ್ ಬಿಚ್ಚಿದ್ರೆ ಲೋಹದ ಪುಡಿ ಬಂತಾ ಅಂತಲೂ ಕಾಣುತ್ತೆ, ಎಲ್ಲಿ ಜಿನುಗ್ತಿದೆ ಅಂತಲೂ ಕಾಣುತ್ತೆ. ಮೇಲೆ ನಿಂತವರಿಗೆ ಇದ್ಯಾವುದೂ ಕಾಣಲ್ಲ.

ವ್ಯಾಕ್ಯೂಮ್‌ಪಂಪ್: ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸೋ ಎಂಜಿನ್‌ನಲ್ಲಿ ಕೆಸರು ಎಲ್ಲಿಂದ ಬರುತ್ತೆ ಹೇಳಿ? ಕೆಸರಿದ್ರೆ ತಪ್ಪು ಪಂಪ್‌ದಲ್ಲ.

ಡೀಸೆಲ್‌ಬಳಗ: ನೀವಿಬ್ರೂ ಜಗಳ ಬಿಡಿ. 0ಡಬ್ಲ್ಯು-20 ನೀರಿನ ಥರ ಇರುತ್ತೆ. 15ಡಬ್ಲ್ಯು-40 ಹಾಕಿ, ಎಂಜಿನ್ ಗಟ್ಟಿಯಾಗಿರುತ್ತೆ. ಆಯಿಲ್ ಕಪ್ಪಾದ ಕೂಡ್ಲೇ ಬದಲಿಸಿ.

ಟಾರ್ಕ್‌ಪ್ರಿಯ: ಎರಡೂ ತಪ್ಪು, ಓದಿದವರು ಯಾರಾದ್ರೂ ಹಾಗೇ ಮಾಡಿಬಿಟ್ಟಾರು ಅಂತ ಸಿಟ್ಟು ಬರ್ತಿದೆ. ಡಬ್ಲ್ಯುಗಿಂತ ಮೊದಲಿನ ಅಂಕಿ ಚಳಿಯಲ್ಲಿ ಎಷ್ಟು ಬೇಗ ಹರಿಯುತ್ತೆ ಅನ್ನೋದಕ್ಕೆ, ಆಮೇಲಿನದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಮಂದ ಅನ್ನೋದಕ್ಕೆ. ವಾಲ್ವ್ ಟೈಮಿಂಗ್ ಹಿಂದೆಮುಂದೆ ಮಾಡೋ ವ್ಯವಸ್ಥೆ ಆಯಿಲ್ ಒತ್ತಡದಲ್ಲೇ ನಡೆಯೋ ಎಂಜಿನ್ನು ಇವು. ಮಂದದ್ದು ಸುರಿದ್ರೆ ಕೆಲಸ ನಿಧಾನ, ಮೈಲೇಜೂ ಇಳಿಯುತ್ತೆ. ಮ್ಯಾನುಯಲ್ ಬಿಟ್ಟು ಬೇರೆ ಗ್ರೇಡ್ ಬೇಡ. ಡಬ್ಬಿ ಮೇಲೆ ಎಪಿಐ ಎಸ್‌ಪಿ ನೋಡಿ, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ 2020ರಲ್ಲಿ ತಂದ ದರ್ಜೆ, ಟೈಮಿಂಗ್ ಚೈನ್ ಸವೆತದ ಪರೀಕ್ಷೆ ಅದರಲ್ಲಿದೆ. ಇನ್ನು ಕಪ್ಪು. ಡೀಸೆಲ್‌ನಲ್ಲಿ ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿದ್ರೇ ಕಪ್ಪಾಗುತ್ತೆ, ಮಸಿ ಹಿಡಿದಿಟ್ಟುಕೊಳ್ಳೋದೇ ಆಯಿಲ್ ಕೆಲಸ. ಬಣ್ಣ ನೋಡಿ ಬದಲಿಸೋದಲ್ಲ, ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲೋ ಅದು.

ಡೀಸೆಲ್‌ಬಳಗ: ನನ್ನ ಗಾಡಿಗೆ 15ಡಬ್ಲ್ಯು-40ನೇ ಬರೆದಿರೋದು. ಪುಸ್ತಕ ನಾನೂ ಓದ್ತೀನಿ.

ಟಾರ್ಕ್‌ಪ್ರಿಯ: ನಿಮ್ಮ ಗಾಡಿಗೆ ಹಾಕಿ, ಬೇಡ ಅಂದವರ್‍ಯಾರು. ಅವರು ಕೇಳಿದ್ದು ಅವರ ಗಾಡಿಗೆ.

ಎರಡನೇಬೋಲ್ಟ್: ಅವರು ಕೇಳಿದ್ದಕ್ಕೆ ಇಲ್ಲಿವರೆಗೆ ಒಬ್ಬರೂ ಉತ್ತರ ಕೊಟ್ಟಿಲ್ಲ! ಸರ್, ನೀವು ನೋಡಿದ ಎರಡರಲ್ಲಿ ಒಂದು ಸಿವಿಟಿದು ಇರೋ ಸಾಧ್ಯತೆ ಹೆಚ್ಚು. ಎಂಜಿನ್ ಅಡ್ಡ ಕೂತ ಗಾಡಿಯಲ್ಲಿ ಬೆಲ್ಟ್ ಇರೋ ಕಡೆ ಎಂಜಿನ್, ಅದರ ಎದುರು ಕಡೆ ಗೇರ್‌ಬಾಕ್ಸ್. ಎಂಜಿನ್ ಸಂಪ್‌ನ ಪ್ಲಗ್ ಸಾಮಾನ್ಯವಾಗಿ ಬೆಲ್ಟ್ ಕಡೆಯ ತಗ್ಗಿನಲ್ಲಿರುತ್ತೆ. ತಪ್ಪಿದ್ರೆ ಏನಾಗುತ್ತೆ ಕೇಳಿ: ಗೇರ್‌ಬಾಕ್ಸ್ ಬರಿದಾಗುತ್ತೆ, ಹಳೇ ಆಯಿಲ್ ಎಂಜಿನ್‌ನಲ್ಲೇ ಇರುತ್ತೆ, ಅದರ ಮೇಲೆ ನೀವು 3.7 ಲೀಟರ್ ಸುರೀತೀರಿ. ಏಳು ಲೀಟರ್ ಮೇಲಾಯ್ತು. ಸ್ಟಾರ್ಟ್ ಮಾಡಿದ್ರೆ ಎಂಜಿನ್ ಒಳಗೆ ತಿರುಗೋ ಕ್ರ್ಯಾಂಕ್‌ಶಾಫ್ಟ್ ಅದನ್ನ ಕಡೆದು ನೊರೆ ಎಬ್ಬಿಸುತ್ತೆ, ನೊರೆಯಿಂದ ಬೇರಿಂಗ್‌ಗೆ ಒತ್ತಡ ಸಿಗಲ್ಲ. ಆ ಕಡೆ ಸಿವಿಟಿ ಒಣಗಿ ತಿರುಗಿ ಹಾಳು. ಅದಕ್ಕೇ ಪೂರ್ತಿ ಸುರಿದ ಮೇಲೆ, ಹೊಸದು ಹಾಕೋಕೆ ಮುಂಚೆ, ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಹಾಕಿ ನೋಡಿ. ಒಣಗಿರಬೇಕು. ಆಯಿಲ್ ಇನ್ನೂ ಗುರುತಿನಲ್ಲೇ ಇದ್ರೆ ಬೇರೆ ಪ್ಲಗ್ ಬಿಚ್ಚಿದ್ದೀರಿ, ಸ್ಟಾರ್ಟ್ ಮಾಡಬೇಡಿ. ಸರಿ ಇದ್ರೆ 3.2 ಲೀಟರ್ ಹಾಕಿ, ಅರ್ಧ ನಿಮಿಷ ಓಡಿಸಿ, ಹತ್ತು ನಿಮಿಷ ಬಿಟ್ಟು ಉಳಿದದ್ದನ್ನ ಅಳೆದು ಹಾಕ್ತಾ ಬನ್ನಿ.

ಸ್ಪ್ಯಾನರ್17: ಹತ್ತು ನಿಮಿಷ ಯಾಕೆ, ಐದು ಸಾಕು.