ಕೊನೆಯ ಮನೆ ಮಾರುವವರೆಗೂ ಸಂಘ ಬಿಲ್ಡರ್ ಕೈಯಲ್ಲೇ ಇರಬೇಕೆ?

ಪ್ರಶ್ನೆ

ಶಿವಮೊಗ್ಗದ ಸವಳಂಗ ರಸ್ತೆಯ ಕಡೆ ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್. ತೀರ್ಥಹಳ್ಳಿ ಬಳಿ ನನ್ನ ಪಾಲಿಗೆ ಬಂದ ಅಡಿಕೆ ತೋಟ ಮಾರಿ 2022ರಲ್ಲಿ ಮೇಲಿನ ಮಹಡಿಯ ಮನೆ ಕೊಂಡೆ. 21 ಮನೆಗಳಲ್ಲಿ ಜನ ಇದ್ದಾರೆ, ಮೂರಕ್ಕೆ ಬಿಲ್ಡರ್ ಬೀಗ. ನೋಂದಣಿಯ ದಿನ ಸಹಿ ಹಾಕಿದ ಕಾಗದಗಳ ನಡುವೆ ಮನೆ ಮಾಲೀಕರ ಸಂಘದ ಬೈಲಾ ಕೂಡ ಇತ್ತು. ಅದರ ಪ್ರಕಾರ ಎಲ್ಲ ಮನೆಗಳೂ ಮಾರಾಟವಾಗುವವರೆಗೆ ಬಿಲ್ಡರ್ ಹೇಳಿದವರೇ ಅಧ್ಯಕ್ಷರು. ಅವರ ಒಪ್ಪಿಗೆಯಿಲ್ಲದೆ ಬೈಲಾ ತಿದ್ದುವಂತಿಲ್ಲ. ಆ ಮೂರು ಮನೆ ಮಾರುವ ಉಮೇದೇ ಅವರಿಗೆ ಕಾಣುತ್ತಿಲ್ಲ.

ಕಳೆದ ಆಷಾಢದ ಮಳೆಯಲ್ಲಿ ತಾರಸಿಯ ನೀರು ನಮ್ಮ ದೇವರ ಕೋಣೆಗೆ ಇಳಿಯಿತು. ದೀಪದ ಹಿಂದಿನ ಗೋಡೆ ಬೂಸ್ಟು ಹಿಡಿದಿದೆ, ಬೆರಳಿನಿಂದ ಒತ್ತಿದರೆ ಗಾರೆ ಉದುರುತ್ತದೆ. ಕೇಳಿದರೆ ಸಂಘದ ಹಣದಲ್ಲಿ ಮಾಡಿಸಿಕೊಳ್ಳಿ ಎನ್ನುತ್ತಾರೆ, ಆ ಹಣದ ಲೆಕ್ಕ ಮಾತ್ರ ತೋರಿಸುವುದಿಲ್ಲ. ಈಗ ಅದೇ ತಾರಸಿಯ ಮೇಲೆ ಇನ್ನೊಂದು ಮಹಡಿ ಎಬ್ಬಿಸುವ ಮಾತು ಕೇಳಿಬರುತ್ತಿದೆ. ಸಹಿ ಹಾಕಿದ ತಪ್ಪಿಗೆ ಬಾಯಿ ಮುಚ್ಚಿಕೊಂಡಿರಬೇಕೆ?

ಉತ್ತರ 1 (ಸಾಗರದಲ್ಲಿ ವಕೀಲಿ ಮಾಡುವವನು)

ಖಂಡಿತ ಬೇಡ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಂಘ ರಚನೆಗೆ ಅನುವು ಮಾಡಿಕೊಡುವುದು ಬಿಲ್ಡರ್ ಕರ್ತವ್ಯ. ಸ್ಥಳೀಯ ಕಾನೂನು ಬೇರೆ ಹೇಳದಿದ್ದರೆ, ಅರ್ಧಕ್ಕಿಂತ ಹೆಚ್ಚು ಮನೆಗಳು ಬುಕ್ ಆದ ಮೂರು ತಿಂಗಳೊಳಗೆ ಸಂಘ ಆಗಬೇಕು. ಕೊನೆಯ ಮನೆಗೆ ಕಾಯಬೇಕೆಂದು ಅಲ್ಲಿ ಎಲ್ಲಿಯೂ ಇಲ್ಲ. 89ನೇ ಸೆಕ್ಷನ್ ಈ ಕಾಯ್ದೆಗೆ ಮೇಲುಗೈ ಕೊಡುತ್ತದೆ. ಬಿಲ್ಡರ್ ಪರವಾಗಿಯೇ ಬರೆದ ಏಕಪಕ್ಷೀಯ ಕರಾರು ಮನೆ ಕೊಂಡವರನ್ನು ಕಟ್ಟಿಹಾಕದು ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಮಹಡಿಯ ವಿಷಯ ಇನ್ನೂ ಗಟ್ಟಿ. 14ನೇ ಸೆಕ್ಷನ್ ಪ್ರಕಾರ ಮಂಜೂರಾದ ನಕ್ಷೆ ಬದಲಿಸಲು ಕೊಂಡವರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಬೇಕು, ಬಿಲ್ಡರ್ ಮನೆಗಳು ಆ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮಲ್ಲಿ 14 ಸಹಿ ಬೇಕಾಗುತ್ತದೆ. ಎಂಟು ಮನೆಯವರು ಒಪ್ಪದಿದ್ದರೆ ಕೆಲಸ ನಿಂತಂತೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಡೀಡ್ ಆಫ್ ಡಿಕ್ಲರೇಷನ್ (ಕಟ್ಟಡವನ್ನು ಆ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ) ನೋಂದಣಿಯಾಗಿದ್ದರೆ, ಜಾಗ ಮತ್ತು ಸಾಮಾನ್ಯ ಭಾಗಗಳಲ್ಲಿ ನಿಮಗಿರುವ ಅವಿಭಜಿತ ಪಾಲು ಬದಲಿಸಲು ಎಲ್ಲ ಮಾಲೀಕರ ಒಪ್ಪಿಗೆಯೇ ಬೇಕು.

ಸೋರಿಕೆಗೆ ತಡ ಮಾಡಬೇಡಿ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ದೋಷ ತಿಳಿಸಿದರೆ ಅವರು 30 ದಿನದಲ್ಲಿ ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಫೋನ್ ಸಾಲದು, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ.

ಉತ್ತರ 2 (ಭದ್ರಾವತಿ)

ಕೆಳಗಿನ ಪಾರ್ಕಿಂಗ್ ಜಾಗವನ್ನೂ ನೋಡಿಕೊಳ್ಳಿ. ನಮ್ಮಲ್ಲಿ ಅದನ್ನು ಬೇರೆ ದುಡ್ಡಿಗೆ ಮಾರಲು ಹೊರಟಿದ್ದರು. ಸ್ಟಿಲ್ಟ್ ಪಾರ್ಕಿಂಗ್ (ಕಟ್ಟಡದ ಕೆಳಗೆ ಕಂಬಗಳ ನಡುವಿನ ಪಾರ್ಕಿಂಗ್) ಎಲ್ಲರ ಸಾಮಾನ್ಯ ಜಾಗ, ಬಿಲ್ಡರ್ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಮುಂಬೈ ಪ್ರಕರಣವೊಂದರಲ್ಲಿ ಹೇಳಿದ ತೀರ್ಪನ್ನು ಮುಂದಿಟ್ಟ ಮೇಲೆ ಸುಮ್ಮನಾದರು.

ಪ್ರಶ್ನೆ ಕೇಳಿದವನು

ಇಬ್ಬರಿಗೂ ನಮಸ್ಕಾರ. ಸ್ವಾಧೀನ ಪತ್ರ ಹುಡುಕಿ ತೆಗೆದೆ, ಐದು ವರ್ಷ ಇನ್ನೂ ತುಂಬಿಲ್ಲ. ನಿನ್ನೆ ಸಂಜೆ ಮಳೆಯಲ್ಲೇ ಕೊಡೆ ಹಿಡಿದು ಮನೆಮನೆಗೆ ಹೋದೆ. ಮಹಡಿ ಬೇಡವೆಂದು ಹನ್ನೊಂದು ಜನ ಸಹಿ ಹಾಕಿದ್ದಾರೆ. ನಾಳೆ ಬೆಳಿಗ್ಗೆ ಗೋಡೆಯ ಫೋಟೊ ಸಮೇತ ಅಂಚೆಗೆ ಹಾಕುತ್ತೇನೆ.